ಪಣಂಬೂರಿನ ಗ್ಯಾಸ್, ಮಲ್ಪೆಯ ಹಡಗು, ಹೈಡ್ರೋಜನ್: 5 ಲಕ್ಷ ಎಲ್ಲಿ ಹಾಕಲಿ?

ಸುರತ್ಕಲ್ ಸವಾರ | ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸೊಸೈಟಿಯಲ್ಲಿ ಇಟ್ಟಿದ್ದ ಡೆಪಾಸಿಟ್ ಮುಗಿದು 5 ಲಕ್ಷ ಕೈಗೆ ಬಂದಿದೆ. ಅಲ್ಲಿಯೇ ಮತ್ತೆ ಇಡು ಅಂತ ಅಪ್ಪ. ನನಗೆ ಈ ಸಲ ಷೇರಿಗೆ ಹಾಕುವ ಮನಸ್ಸು. ಮ್ಯೂಚುವಲ್ ಫಂಡಿಗೆ ತಿಂಗಳ ಕಂತು ಕಟ್ಟುವ ಎರಡು ಎಸ್‌ಐಪಿ ನಡೆಯುತ್ತಿದೆ, ತೀರಾ ಹೊಸಬನಲ್ಲ.

ನನ್ನ ತಲೆಯಲ್ಲಿ ಇರುವುದು ಇಷ್ಟು. ದಿನಾ ಬೈಕಂಪಾಡಿಗೆ ಕೆಲಸಕ್ಕೆ ಹೋಗುವಾಗ ಬುಲೆಟ್ ಟ್ಯಾಂಕರ್‌ಗಳ ಹಿಂದೆಯೇ ಬೈಕ್ ಓಡಿಸಬೇಕು. ಅಷ್ಟು ಗ್ಯಾಸ್ ಇಲ್ಲಿಂದ ಹೋಗುತ್ತದೆ. ಬಂದರಿನಲ್ಲಿ ಟ್ಯಾಂಕ್‌ಗಳು, ನೆಲದಡಿ ತೈಲ ಕಂಪನಿ ಎಚ್‌ಪಿಸಿಎಲ್‌ನ ಹೊಸ ಎಲ್‌ಪಿಜಿ ಗುಹೆ. ಹೆಂಡತಿಯ ಮನೆ ಮಲ್ಪೆ. ಅಲ್ಲಿ ನಾರ್ವೆಯವರಿಗೆ ಹಡಗು ಕಟ್ಟುತ್ತಿದ್ದಾರೆ. ಇನ್ನು ಹೈಡ್ರೋಜನ್ ಬಗ್ಗೆ ಪೇಪರ್ ತೆರೆದರೆ ಸಾಕು, ದಿನಕ್ಕೊಂದು ಸುದ್ದಿ.

ಗ್ಯಾಸ್ ಸ್ಟೋರೇಜ್, ಹೈಡ್ರೋಜನ್, ಶಿಪ್‌ಯಾರ್ಡ್. ಮೂರಕ್ಕೂ ಸಮ ಪಾಲು ಮಾಡಿ ಹಾಕಿ 6-7 ವರ್ಷ ಮರೆತುಬಿಡೋಣ ಅಂತಿದ್ದೇನೆ. ಕಣ್ಣ ಮುಂದೆ ನಡೆಯುವ ವ್ಯಾಪಾರವನ್ನೇ ಕೊಳ್ಳುವುದು ಒಳ್ಳೆಯದು ಅಲ್ವಾ? ತಿಳಿದವರು ಹೇಳಿ.

ರಾಕೆಟ್ 2030 | ರಾತ್ರಿ 9:20

ಹೈಡ್ರೋಜನ್‌ಗೆ ಪೂರ್ತಿ ಹಾಕಿ ಬ್ರೋ. ಇದು ಮುಂದಿನ ಐಟಿ. ನನ್ನ ಹತ್ತಿರ 40 ರೂಪಾಯಿಯ ಒಂದು ಷೇರಿನ ಹೆಸರು ಉಂಟು, ಮೆಸೇಜ್ ಮಾಡಿ.

ಬಿ.ಸಿ. ರೋಡ್ ಬಡವ | ರಾತ್ರಿ 9:31

ಸವಾರರೇ, ಆ ಮೆಸೇಜ್ ಮಾಡುವ ಮೊದಲು ನನ್ನ ಕಥೆ ಕೇಳಿ. ಎರಡು ವರ್ಷದ ಹಿಂದೆ ಒಂದು ಟೆಲಿಗ್ರಾಂ ಗುಂಪಿನಲ್ಲಿದ್ದೆ. ಅಲ್ಲಿ ಒಂದು ಸಣ್ಣ ಕಂಪನಿಯ ಹೆಸರು ಬಂತು. ಹೆಸರು ಬೇಡ. ಅದು ಮೊದಲು ಬೇರೆ ಏನೋ ಮಾರುತ್ತಿತ್ತು. ಆಮೇಲೆ ಹೈಡ್ರೋಜನ್‌ಗೆ ಇಳಿಯುತ್ತೇವೆ ಅಂತ ಒಂದು ಕಾಗದ ಹಾಕಿತು. ದಿನಾ ಅಪ್ಪರ್ ಸರ್ಕ್ಯೂಟ್, ಅಂದರೆ ದರ ಒಂದು ದಿನಕ್ಕೆ ಏರಬಹುದಾದ ಮಿತಿ ಮುಟ್ಟಿ ನಿಲ್ಲುವುದು. ಕೊಳ್ಳಲಿಕ್ಕೆ ಷೇರೇ ಸಿಗುತ್ತಿರಲಿಲ್ಲ. ಸಿಗದ ಮೀನಿಗೆ ರುಚಿ ಜಾಸ್ತಿ ನೋಡಿ. ಕೊನೆಗೆ 64ರಲ್ಲಿ 2,800 ಷೇರು ಸಿಕ್ಕಿತು. ಊಟಕ್ಕೆ ಹೋಗಿ ಬಂದು ಹೆಂಡತಿಗೆ ಹೇಳಿದೆ, ಬಂಗಾರ ಸಿಕ್ಕಿತು ಅಂತ.

ಮರುವಾರದಿಂದ ಲೋವರ್ ಸರ್ಕ್ಯೂಟ್, ದಿನಾ ಇಳಿಯುವ ಮಿತಿ ಮುಟ್ಟಿ ನಿಲ್ಲುವುದು. ಬೆಳಿಗ್ಗೆ 9:15ಕ್ಕೆ ಮಾರಲಿಕ್ಕೆ ಹಾಕುವುದು, 3:30ಕ್ಕೆ ಆರ್ಡರ್ ಹಾಗೇ ವಾಪಸ್ ಬರುವುದು. ಕೊಳ್ಳುವವನೇ ಇಲ್ಲ. ಒಂದು ತಿಂಗಳ ಮೇಲೆ ಹೀಗೇ ನಡೆಯಿತು. ಕೊನೆಗೆ 19ರಲ್ಲಿ ಬಿಟ್ಟೆ. 1,79,200 ಹೋಗಿ 53,200 ಬಂತು. ಆ ಕಂಪನಿ ಇವತ್ತಿನವರೆಗೆ ಒಂದು ಬಲೂನಿಗೆ ತುಂಬುವಷ್ಟು ಹೈಡ್ರೋಜನ್ ಮಾಡಿದೆಯೋ ಇಲ್ಲವೋ, ದೇವರೇ ಬಲ್ಲ. ಗುಂಪಿನ ಅಡ್ಮಿನ್ ಈಗ ಬೇರೆ ಹೆಸರಲ್ಲಿ ಡಿಫೆನ್ಸ್ ಷೇರು ಹೇಳುತ್ತಿದ್ದಾನೆ.

ರಾಕೆಟ್ 2030 | ರಾತ್ರಿ 9:34

ಎಲ್ಲ ಷೇರೂ ಹಾಗಲ್ಲ ಮಾರಾಯ್ರೇ.

ಹಳೇ ಲೆಡ್ಜರ್ | ರಾತ್ರಿ 10:05

ಸವಾರರೇ, ನಾನು ನಿವೃತ್ತ ಬ್ಯಾಂಕ್ ನೌಕರ. 1980ರ ದಶಕದಿಂದ ಷೇರು ನೋಡುತ್ತಿದ್ದೇನೆ. ಮೊದಲು ನಿಮ್ಮ ಕೊನೆಯ ಸಾಲನ್ನೇ ಹಿಡಿದುಕೊಳ್ಳುತ್ತೇನೆ. ಕಣ್ಣ ಮುಂದೆ ನಡೆಯುವ ವ್ಯಾಪಾರ ಅಂದಿರಿ. ಅದನ್ನು ನೀವು ಕೊಳ್ಳಲಿಕ್ಕೆ ಆಗುವುದಾದರೂ ಉಂಟಾ?

ಎಚ್‌ಪಿಸಿಎಲ್ ಗುಹೆಯನ್ನೇ ತೆಗೆದುಕೊಳ್ಳಿ. 80,000 ಟನ್ ಎಲ್‌ಪಿಜಿ ಹಿಡಿಯುತ್ತದೆ. ವಿಶಾಖಪಟ್ಟಣದ್ದು 60,000 ಟನ್, ಅದಕ್ಕಿಂತ ಇದು ದೊಡ್ಡದು. ನಿಜಕ್ಕೂ ಹೆಮ್ಮೆಯ ಕೆಲಸ. ಆದರೆ ಎಚ್‌ಪಿಸಿಎಲ್‌ನ ವರ್ಷದ ವಹಿವಾಟು 4 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಆ ಷೇರು ಏಳುವುದು ಬೀಳುವುದು ಕಚ್ಚಾ ತೈಲದ ದರ, ಪೆಟ್ರೋಲ್ ಮಾರ್ಜಿನ್, ಸಿಲಿಂಡರ್ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೋ ಇಲ್ಲವೋ, ಇದರ ಮೇಲೆ. ಗುಹೆ ತುಂಬಿದರೂ ಖಾಲಿಯಾದರೂ ಷೇರಿಗೆ ಗೊತ್ತೇ ಆಗುವುದಿಲ್ಲ. ಗುಹೆ ಕೊರೆದದ್ದು ಮೇಘಾ ಎಂಜಿನಿಯರಿಂಗ್. ಅದು ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿಲ್ಲ, ಷೇರು ಕೊಳ್ಳಲಿಕ್ಕೆ ಸಿಗುವುದಿಲ್ಲ.

ಮಲ್ಪೆಯದೂ ಹಾಗೇ. ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಅನ್ನುವ ಷೇರು ಎಲ್ಲಿಯೂ ಸಿಗುವುದಿಲ್ಲ. ಹಳೆಯ ಟೆಬ್ಮಾ ಶಿಪ್‌ಯಾರ್ಡ್ ಅದು. ದಿವಾಳಿ ಪ್ರಕ್ರಿಯೆಯಲ್ಲಿದ್ದಾಗ 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡಿತು. ನೀವು ಕೊಳ್ಳಬೇಕಾದ್ದು ತಾಯಿ ಕಂಪನಿಯನ್ನು. 2024ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ ಕೊಟ್ಟ 8 ಹಡಗುಗಳ ಆರ್ಡರ್ ಎಲ್ಲ ಸೇರಿ ಸುಮಾರು 1,100 ಕೋಟಿ. ಆಗ ಕೊಚ್ಚಿನ್‌ನ ಒಟ್ಟು ಆರ್ಡರ್ ಸುಮಾರು 22,000 ಕೋಟಿ. ಅಂದರೆ ನೀವು ಮಾವನ ಮನೆಯ ಮಾಡಿನಿಂದ ನೋಡುವ ಹಡಗು ಇಡೀ ಷೇರಿನಲ್ಲಿ 20ರಲ್ಲಿ ಒಂದು ಪಾಲು.

ಊರ ಅಭಿಮಾನಕ್ಕೆ ಷೇರು ಕೊಳ್ಳುವುದು ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ವಿಜಯಾ, ಕಾರ್ಪೊರೇಶನ್, ಸಿಂಡಿಕೇಟ್ ಷೇರುಗಳನ್ನು ದೇವರ ಕೋಣೆಯ ಕಪಾಟಿನಲ್ಲಿ ಇಟ್ಟವರು ಎಷ್ಟು ಮಂದಿ! ವಿಲೀನವಾದಾಗ 1,000 ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು ಬಂತು. 1,000 ಕಾರ್ಪೊರೇಶನ್ ಷೇರಿಗೆ 330 ಯೂನಿಯನ್ ಬ್ಯಾಂಕ್ ಷೇರು. ತಪ್ಪು ಯಾರದ್ದೂ ಅಲ್ಲ, ಲೆಕ್ಕ ಹಾಗೆ ಬಂತು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನಮಗೆ ಹತ್ತಿರದ ಬೆಟ್ಟವೇ ನುಣ್ಣಗೆ ಕಾಣುತ್ತದೆ.

ಸುರತ್ಕಲ್ ಸವಾರ | ರಾತ್ರಿ 10:18

ಸರ್, ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಸ್ಟೋರೇಜ್ ಒಂದನ್ನೇ ಮಾಡುವ ಕಂಪನಿ ಇಲ್ಲವಾ?

ಪಾದೂರು ಗುಡ್ಡೆ | ರಾತ್ರಿ 10:40

ಗುಹೆಯ ಮಾತು ಬಂತಲ್ಲ, ನಮ್ಮೂರ ಅಡಿಯಲ್ಲಿಯೂ ಒಂದು ಉಂಟು. ಅದರಲ್ಲಿ ಕಚ್ಚಾ ತೈಲ. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್. ದೇಶದ ತುರ್ತು ದಾಸ್ತಾನು. ಮಂಗಳೂರಿನದಕ್ಕೆ 2018ರಲ್ಲಿ ಅಬುಧಾಬಿಯ ಅಡ್ನಾಕ್ ತನ್ನ ಎಣ್ಣೆ ತಂದು ತುಂಬಿತು. ನಡೆಸುವುದು ಸರ್ಕಾರದ ಕಂಪನಿ, ಷೇರು ಇಲ್ಲ.

ಜನ ಕೇಳುತ್ತಾರೆ, ಒಳಗೆ ಉಕ್ಕಿನ ಟ್ಯಾಂಕ್ ಇಟ್ಟಿದ್ದಾರಾ ಅಂತ. ಇಲ್ಲ, ಬರೀ ಬಂಡೆ. ಸುತ್ತ ಬಂಡೆಯ ಬಿರುಕುಗಳಲ್ಲಿ ನೀರಿರುತ್ತದೆ. ಆ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಜಾಸ್ತಿ ಇರಬೇಕು. ಆಗ ನೀರು ಒಳಗೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಗೆ ಹೋಗುವುದಿಲ್ಲ. ಒಳಗೆ ಬಂದ ನೀರನ್ನು ಪಂಪ್ ಮಾಡಿ ತೆಗೆಯುತ್ತಾರೆ. ಎಲ್‌ಪಿಜಿಗೂ ಇದೇ ಉಪಾಯ. ಆದರೆ ಗ್ಯಾಸಿನ ಒತ್ತಡ ಹೆಚ್ಚಾದ್ದರಿಂದ ಇನ್ನೂ ಆಳಕ್ಕೆ ಹೋಗಬೇಕು. ಇದು ಷೇರಿಗೆ ಸಂಬಂಧವಿಲ್ಲದ ಮಾತು, ಗೊತ್ತು. ಊರಿನ ಅಡಿ ಇರುವುದರ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳಲು ಬಿಡಿ. ಜಾಗ ಹೋದವರ ಮನೆಯಲ್ಲಿ ಈ ಜಂಬ ನಡೆಯುವುದಿಲ್ಲ, ಅದೂ ಗೊತ್ತು.

ಹಳೇ ಲೆಡ್ಜರ್ | ರಾತ್ರಿ 10:58

ಸಂಬಂಧ ಇಲ್ಲ ಅನ್ನಬೇಡಿ. ಒಮ್ಮೆ ಕೊರೆದರೆ ಪಕ್ಕದಲ್ಲಿ ಇನ್ನೊಬ್ಬ ಬಂದು ಸುಲಭದಲ್ಲಿ ಕೊರೆಯಲಾರ. ಸ್ಟೋರೇಜ್ ವ್ಯಾಪಾರದ ಬಲ ಇರುವುದೇ ಅಲ್ಲಿ.

ಸವಾರರೇ, ನಿಮ್ಮ ಪ್ರಶ್ನೆಗೆ: ಉಂಟು. ಏಜಿಸ್ ಲಾಜಿಸ್ಟಿಕ್ಸ್ ಹಳೆಯದು. ಅದು ನೆದರ್ಲೆಂಡ್ಸ್‌ನ ವೋಪಾಕ್ ಜೊತೆ ಸೇರಿ ಮಾಡಿದ ಏಜಿಸ್ ವೋಪಾಕ್ ಟರ್ಮಿನಲ್ಸ್ 2025ರ ಜೂನ್‌ನಲ್ಲಿ ಲಿಸ್ಟ್ ಆಯಿತು, 235 ರೂಪಾಯಿಗೆ ಐಪಿಒ (ಜನರಿಗೆ ಮೊದಲ ಸಲ ಷೇರು ಮಾರುವುದು). ಮಂಗಳೂರು ಬಂದರಿನಲ್ಲಿಯೂ ಅವರ ಟ್ಯಾಂಕ್‌ಗಳು ಉಂಟು. ದೇಶಕ್ಕೆ ಬೇಕಾದ ಎಲ್‌ಪಿಜಿಯಲ್ಲಿ ಸುಮಾರು ಶೇ. 60 ಹಡಗಿನಲ್ಲಿಯೇ ಬರುವುದರಿಂದ ಅದನ್ನು ಇಳಿಸಿ ಇಡುವ ಜಾಗಕ್ಕೆ ಗಿರಾಕಿ ಉಂಟು. ಗ್ಯಾಸ್ ಇವರದ್ದಲ್ಲ. ಇಳಿಸಿದ್ದಕ್ಕೆ, ಇಟ್ಟದ್ದಕ್ಕೆ ಬಾಡಿಗೆ.

ಕೊಳ್ಳಿ ಅಂತ ಹೇಳುತ್ತಿಲ್ಲ. ಬಾಡಿಗೆ ಎಷ್ಟು ಬರುತ್ತದೆ, ಅದಕ್ಕೆ ನೀವು ಎಷ್ಟು ಪಟ್ಟು ದುಡ್ಡು ಕೊಡುತ್ತೀರಿ ಅಂತ ನೋಡಿ. ಹಂಪನಕಟ್ಟೆಯಲ್ಲಿ ಅಂಗಡಿ ಒಳ್ಳೆಯದೇ. ಆದರೆ 10 ಸಾವಿರ ಬಾಡಿಗೆಯ ಅಂಗಡಿಗೆ 2 ಕೋಟಿ ಕೊಡುತ್ತೀರಾ?

ಮಲ್ಪೆ ಫಿಟ್ಟರ್ | ಸೋಮವಾರ ಬೆಳಿಗ್ಗೆ 6:15

ಶಿಫ್ಟಿಗೆ ಹೊರಟಿದ್ದೇನೆ, ಬಸ್ಸಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಐಸ್ ಪ್ಲಾಂಟ್ ನೆನಪಾಯಿತು. ನಮ್ಮ ಧಕ್ಕೆಯಲ್ಲಿ ಬೋಟಿಗೆ ಮೀನು ಸಿಗಲಿ ಬಿಡಲಿ, ಐಸ್ ಹಾಕಿಸಿಕೊಂಡೇ ಹೋಗಬೇಕು. ಬೋಟಿನವ ಸಾಲದಲ್ಲಿ ಮುಳುಗಿದರೂ ಐಸ್‌ನವನಿಗೆ ದುಡ್ಡು ಬರುತ್ತದೆ. ಲೆಡ್ಜರ್ ಸರ್ ಹೇಳಿದ ಸ್ಟೋರೇಜ್ ಅದೇ ಅಲ್ವಾ?

ಹಳೇ ಲೆಡ್ಜರ್ | ಬೆಳಿಗ್ಗೆ 7:02

ಬಹಳ ಸರಿ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಬೋಟು ಇಳಿಯುವುದಿಲ್ಲವಲ್ಲ? ಆಗ ಐಸ್ ಪ್ಲಾಂಟೂ ಖಾಲಿ. ಕೊಚ್ಚಿಯ ಎಲ್‌ಎನ್‌ಜಿ (ತಣಿಸಿ ದ್ರವ ಮಾಡಿದ ನೈಸರ್ಗಿಕ ಅನಿಲ) ಟರ್ಮಿನಲ್‌ಗೆ ಆದದ್ದು ಅದೇ. ಪೆಟ್ರೋನೆಟ್ ಕಂಪನಿ ಅದನ್ನು 2013ರಲ್ಲಿ ಶುರು ಮಾಡಿತು, ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯ. ಗ್ಯಾಸ್ ಇಳಿಸಬಹುದು, ಮುಂದೆ ಕಳಿಸಲು ಪೈಪೇ ಇಲ್ಲ! ಕೆಲವು ವರ್ಷ ಶೇ. 10ರಷ್ಟೂ ಬಳಕೆ ಆಗಲಿಲ್ಲ. ಜಾಗದ ತಕರಾರು, ಪ್ರತಿಭಟನೆ, ಕೊನೆಗೆ ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಡಿ ಪೈಪ್ ದಾಟಿಸುವ ಕಷ್ಟ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಗೇಲ್ ಪೈಪ್‌ಲೈನ್ ಉದ್ಘಾಟನೆ ಆದದ್ದು 2021ರ ಜನವರಿ 5ಕ್ಕೆ. ಏಳು ವರ್ಷಕ್ಕೂ ಜಾಸ್ತಿ ಆ ಟ್ಯಾಂಕ್‌ಗಳು ಸುಮ್ನೆ ಸಮುದ್ರ ನೋಡುತ್ತಾ ನಿಂತಿದ್ದವು.

ಆದರೂ ಪೆಟ್ರೋನೆಟ್ ಬದುಕಿತು, ಯಾಕೆಂದರೆ ಗುಜರಾತಿನ ದಹೇಜ್ ಟರ್ಮಿನಲ್ ತುಂಬಿ ಓಡುತ್ತಿತ್ತು. ಕೊಚ್ಚಿ ಒಂದೇ ಇದ್ದಿದ್ದರೆ ಷೇರುದಾರರ ಗತಿ ಯೋಚಿಸಿ.

ಕ್ರೀಕ್ ಸೇತುವೆ | ಬೆಳಿಗ್ಗೆ 8:30

80,000 ಟನ್ ಅಂದರೆ ಎಷ್ಟು ಸಿಲಿಂಡರ್ ಅಂತ ಲೆಕ್ಕ ಹಾಕಿದೆ. 14.2 ಕೆಜಿಯ ಮನೆ ಸಿಲಿಂಡರ್ ಸುಮಾರು 56 ಲಕ್ಷ. ಅಬ್ಬಾ ಅನ್ನಿಸಿತು. ಆಮೇಲೆ ನೋಡಿದರೆ ದೇಶದ ವರ್ಷದ ಬಳಕೆ 3.1 ಕೋಟಿ ಟನ್. ದಿನಕ್ಕೆ ಸುಮಾರು 85,000 ಟನ್. ಅಂದರೆ ನಮ್ಮ ಗುಹೆ ಇಡೀ ದೇಶದ ಒಂದು ದಿನದ ಅಡುಗೆಗೂ ಸಾಲದು!

ಸುರತ್ಕಲ್ ಸವಾರ | ಬೆಳಿಗ್ಗೆ 8:41

ಅದು ಸ್ಟೋರೇಜ್ ಇನ್ನೂ ಬೇಕು ಅನ್ನುವುದಕ್ಕೆ ಸಾಕ್ಷಿ ಅಲ್ವಾ?

ಹಳೇ ಲೆಡ್ಜರ್ | ಬೆಳಿಗ್ಗೆ 8:50

ದೇಶಕ್ಕೆ ಬೇಕು ಅನ್ನುವುದು ಬೇರೆ, ಷೇರುದಾರನಿಗೆ ಲಾಭ ಬರುತ್ತದೆ ಅನ್ನುವುದು ಬೇರೆ. ದೇಶಕ್ಕೆ ವಿಮಾನವೂ ಬೇಕಿತ್ತು. ವಿಮಾನ ಕಂಪನಿಗಳ ಷೇರು ಇಟ್ಟವರನ್ನು ಕೇಳಿ.

ಕೆಮಿಕಲ್ ಅಕ್ಕ | ಮಧ್ಯಾಹ್ನ 1:25

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಸುರತ್ಕಲ್ ಎನ್‌ಐಟಿಕೆಯಲ್ಲಿ ಕೆಮಿಕಲ್ ಓದಿದವಳು, ಈಗ ಪ್ಲಾಂಟ್ ಕೆಲಸ. ಹೈಡ್ರೋಜನ್ ಬಗ್ಗೆ ಯಾರೂ ಲೆಕ್ಕ ಹಾಕಲಿಲ್ಲ, ನಾನು ಹಾಕುತ್ತೇನೆ.

ಮೊದಲನೆಯದು, ಹೈಡ್ರೋಜನ್ ಹೊಸದಲ್ಲ. ಯಾವ ರಿಫೈನರಿಗೆ ಹೋದರೂ ಹೈಡ್ರೋಜನ್ ಘಟಕ ಇರುತ್ತದೆ. ಡೀಸೆಲ್‌ನಿಂದ ಗಂಧಕ ತೆಗೆಯಲು ಅದು ಬೇಕೇ ಬೇಕು. ವಾಹನದ ಹೊಗೆಗೆ ಬಿಎಸ್ 6 ನಿಯಮ ಬಂದ ಮೇಲೆ ಗಂಧಕ 10 ಪಿಪಿಎಂಗೆ (ಹತ್ತು ಲಕ್ಷದಲ್ಲಿ 10 ಪಾಲಿಗೆ) ಇಳಿಯಬೇಕಾಯಿತು, ಹೈಡ್ರೋಜನ್ ಇನ್ನೂ ಜಾಸ್ತಿ ಬೇಕಾಯಿತು. ರಸಗೊಬ್ಬರದ ಅಮೋನಿಯಾಕ್ಕೂ ಅದೇ. ಆದರೆ ಇದನ್ನು ನೈಸರ್ಗಿಕ ಅನಿಲ ಅಥವಾ ನಾಫ್ತಾದಿಂದ ತೆಗೆಯುತ್ತಾರೆ. ಅನಿಲದಿಂದ ಒಂದು ಕೆಜಿ ಹೈಡ್ರೋಜನ್ ತೆಗೆದರೆ 9-10 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ. ಹಸಿರು ಹೈಡ್ರೋಜನ್ ಅಂದರೆ ಸೋಲಾರ್ ಅಥವಾ ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ತೆಗೆಯುವುದು.

ಈಗ ದುಡ್ಡಿನ ಮಾತು. ಒಂದು ಕೆಜಿಗೆ 50ರಿಂದ 55 ಯೂನಿಟ್ ಕರೆಂಟ್. ಯೂನಿಟ್‌ಗೆ 5 ರೂಪಾಯಿ ಹಿಡಿದರೆ ಕರೆಂಟಿಗೇ 250ರಿಂದ 275 ರೂಪಾಯಿ. ಯಂತ್ರದ ಖರ್ಚು, ಬಡ್ಡಿ, ನೀರು ಇನ್ನೂ ಸೇರಿಲ್ಲ. ಸೂರ್ಯ ಮುಳುಗಿದ ಮೇಲೆ ಯಂತ್ರ ಸುಮ್ನೆ ಕುಳಿತಿದ್ದರೂ ಬಡ್ಡಿ ಓಡುತ್ತದೆ. ಇಷ್ಟು ಕಷ್ಟಪಟ್ಟು ತೆಗೆದ ಆ ಒಂದು ಕೆಜಿಯಲ್ಲಿ ಇರುವ ಶಕ್ತಿ ಸುಮಾರು 33 ಯೂನಿಟ್. ಮೂರರಲ್ಲಿ ಒಂದು ಪಾಲು ದಾರಿಯಲ್ಲೇ ಖಾಲಿ. ಆಮೇಲೆ ಅದನ್ನು ಇಡುವುದು. ದ್ರವ ಮಾಡಬೇಕಾದರೆ ಮೈನಸ್ 253 ಡಿಗ್ರಿ. ಗ್ಯಾಸಾಗಿಯೇ ಇಡಬೇಕಾದರೆ ಭಾರೀ ಒತ್ತಡ. ಅಣು ಎಷ್ಟು ಸಣ್ಣದೆಂದರೆ ಉಕ್ಕಿನೊಳಗೇ ನುಗ್ಗಿ ಅದನ್ನು ಪೆಡಸು ಮಾಡುತ್ತದೆ. ಎಲ್‌ಪಿಜಿ ಟ್ಯಾಂಕಿನಲ್ಲಿ ಹೈಡ್ರೋಜನ್ ತುಂಬಿದರಾಯಿತು ಅನ್ನುವವರನ್ನು ನಂಬಬೇಡಿ.

ಹಾಗಂತ ಸುಳ್ಳು ಅಲ್ಲ. ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿಯ ಮಿಷನ್ ಒಪ್ಪಿತು, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. 2025ರಲ್ಲಿ ಹಸಿರು ಅಮೋನಿಯಾ (ಹಸಿರು ಹೈಡ್ರೋಜನ್‌ನಿಂದ ಮಾಡಿದ್ದು) ಪೂರೈಸಲು ಹರಾಜು ನಡೆಯಿತು. ಒಡಿಶಾದ ಪಾರಾದೀಪ್ ಗೊಬ್ಬರ ಕಾರ್ಖಾನೆಗೆ ಕೆಜಿಗೆ 55.75 ರೂಪಾಯಿಯಂತೆ, 10 ವರ್ಷದ ಒಪ್ಪಂದ. ನನಗೆ ಅದು ನಿಜವಾದ ಸುದ್ದಿ. ಯಾಕೆಂದರೆ ಕೊಳ್ಳುವವನು ಸಹಿ ಹಾಕುತ್ತಾನೆ. ಆದರೆ ಗೆದ್ದದ್ದು ಯಾರು? ಆಕ್ಮೆ ಕ್ಲೀನ್‌ಟೆಕ್. ಅದು ಲಿಸ್ಟ್ ಆಗಿಲ್ಲ. ಮಾರುಕಟ್ಟೆಯಲ್ಲಿ ಇರುವುದು ಅದರ ಮಗು, ಆಕ್ಮೆ ಸೋಲಾರ್. ಹೆಸರು ನೋಡಿ ಕೊಂಡವನಿಗೆ ಅಮೋನಿಯಾ ಸಿಗುವುದಿಲ್ಲ.

ರಿಲಯನ್ಸ್, ಎಲ್ ಆಂಡ್ ಟಿ, ಎನ್‌ಟಿಪಿಸಿ ಕೊಂಡರೆ ಹೈಡ್ರೋಜನ್ ಸಿಗುತ್ತದೆ, ಮೀನು ಸಾರಿನ ಮೇಲೆ ಹಾಕಿದ ಕೊತ್ತಂಬರಿ ಸೊಪ್ಪಿನಷ್ಟು.

ರಾಕೆಟ್ 2030 | ಮಧ್ಯಾಹ್ನ 1:40

ಹಾಗಾದರೆ ಅಮೆರಿಕದ ಕಂಪನಿಗಳು? ಅಲ್ಲಿ ಬರೀ ಹೈಡ್ರೋಜನ್ ಮಾಡುವವರು ಇದ್ದಾರೆ.

ಕೆಮಿಕಲ್ ಅಕ್ಕ | ಮಧ್ಯಾಹ್ನ 1:52

ಇದ್ದಾರೆ ತಮ್ಮಾ. ಪ್ಲಗ್ ಪವರ್ 2021ರ ಜನವರಿಯಲ್ಲಿ 70 ಡಾಲರ್ ದಾಟಿತ್ತು. 2025ರಲ್ಲಿ ಒಂದು ಡಾಲರ್‌ಗಿಂತ ಕೆಳಗೆ ಹೋಗಿ ಬಂತು. ಹೈಡ್ರೋಜನ್ ಲಾರಿ ಮಾಡುತ್ತೇವೆ ಅಂದ ನಿಕೋಲಾ 2025ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಊಟ ಆಯಿತಾ ನಿಮ್ಮದು?

ದೋಹಾ ಡ್ಯೂಟಿ | ಸೋಮವಾರ ರಾತ್ರಿ 8:10

ಕೆಮಿಕಲ್ ಅಕ್ಕನಿಗೆ ನಮಸ್ಕಾರ. ನಾನು ಉಡುಪಿ ಕಡೆಯವ, ಎಲ್‌ಎನ್‌ಜಿ ಹಡಗುಗಳಲ್ಲಿ ಎಂಜಿನಿಯರ್. ರಜೆಯಲ್ಲಿ ಊರಲ್ಲಿದ್ದೇನೆ. ಸವಾರರು ಕೇಳಿದ ಮೂರೂ ಒಂದೇ ಕಂಪನಿಯಲ್ಲಿ ಸೇರಿದ ಒಂದು ಕಥೆ ಉಂಟು. ನಮ್ಮ ದೇಶದ್ದಲ್ಲ, ಫ್ರಾನ್ಸಿನದು. ಹೆಸರು ಜಿಟಿಟಿ. ಪ್ಯಾರಿಸ್ ಮಾರುಕಟ್ಟೆಯಲ್ಲಿ 2014ರಿಂದ ಇದೆ.

ಎಲ್‌ಎನ್‌ಜಿ ಅಂದರೆ ಮೈನಸ್ 162 ಡಿಗ್ರಿಗೆ ತಣಿಸಿದ ನೈಸರ್ಗಿಕ ಅನಿಲ. ಗಾತ್ರ 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈಗಿನ ಒಂದು ಹಡಗು 1,74,000 ಘನ ಮೀಟರ್ ಹೊರುತ್ತದೆ. ಇಷ್ಟು ತಣ್ಣನೆಯ ದ್ರವ ಸಾಮಾನ್ಯ ಉಕ್ಕಿಗೆ ತಾಗಿದರೆ ಗಾಜಿನ ಹಾಗೆ ಬಿರುಕು ಬಿಡುತ್ತದೆ. ಅದಕ್ಕೆ ಒಳಗೆ ಒಂದು ತೆಳು ಲೋಹದ ಹಾಳೆ, ಅದರ ಹಿಂದೆ ನಿರೋಧಕ, ಮತ್ತೆ ಇನ್ನೊಂದು ಪದರ, ಮತ್ತೆ ನಿರೋಧಕ. ಒಂದು ವಿನ್ಯಾಸದಲ್ಲಿ ಆ ಹಾಳೆ ಇನ್ವಾರ್ ಅನ್ನುವ ನಿಕ್ಕಲ್ ಉಕ್ಕು, ದಪ್ಪ ಬರೀ 0.7 ಮಿಲಿಮೀಟರ್. ತಣ್ಣಗಾದರೂ ಕುಗ್ಗುವುದು ತೀರಾ ಕಡಿಮೆ, ಅದೇ ಅದರ ಗುಟ್ಟು. ಇಷ್ಟಾದರೂ ದಿನಾ ಸ್ವಲ್ಪ ಆವಿಯಾಗುತ್ತದೆ. ಆ ಆವಿಯನ್ನೇ ನಾವು ಎಂಜಿನ್ನಿಗೆ ಉರಿಸುತ್ತೇವೆ.

ಈ ಪದರದ ವಿನ್ಯಾಸ ಜಿಟಿಟಿಯದು. ಕೊರಿಯಾದ ಹ್ಯುಂಡೈ, ಸ್ಯಾಮ್‌ಸಂಗ್, ಹನ್ವಾ ಹಡಗು ಕಟ್ಟುತ್ತವೆ, ಬೆವರು ಸುರಿಸುತ್ತವೆ, ಉಕ್ಕಿನ ದರ ಏರಿದರೆ ಪೆಟ್ಟು ತಿನ್ನುತ್ತವೆ. ಜಿಟಿಟಿ ಒಂದು ತಗಡನ್ನೂ ಕತ್ತರಿಸುವುದಿಲ್ಲ. ಹಡಗಿಗೆ ಇಷ್ಟು ಅಂತ ರಾಯಲ್ಟಿ ತೆಗೆದುಕೊಳ್ಳುತ್ತದೆ. 2024ರಲ್ಲಿ ಸುಮಾರು 64 ಕೋಟಿ ಯೂರೋ ಆದಾಯಕ್ಕೆ ಸುಮಾರು 35 ಕೋಟಿ ಯೂರೋ ನಿವ್ವಳ ಲಾಭ. 100 ರೂಪಾಯಿ ಬಂದರೆ 50ಕ್ಕೂ ಜಾಸ್ತಿ ಜೇಬಿಗೆ. ಹಡಗು ಕಟ್ಟುವವನಿಗೆ ಕನಸಿನಲ್ಲಿಯೂ ಇಂಥದ್ದು ಬರುವುದಿಲ್ಲ.

ಇನ್ನು ಹೈಡ್ರೋಜನ್. 2020ರಲ್ಲಿ ಇವರೂ ಆಸೆಪಟ್ಟು ನೀರು ಒಡೆಯುವ ಯಂತ್ರ ಮಾಡುವ ಒಂದು ಸಣ್ಣ ಕಂಪನಿ ಕೊಂಡರು. ಎಲೋಜೆನ್ ಅಂತ ಹೆಸರಿಟ್ಟರು. ದೊಡ್ಡ ಕಾರ್ಖಾನೆ ಕಟ್ಟಲು ಹೊರಟರು. ನಷ್ಟದ ಮೇಲೆ ನಷ್ಟ. 2025ರಲ್ಲಿ ಕಾರ್ಖಾನೆಯ ಕೆಲಸ ನಿಲ್ಲಿಸಿದರು. ಮೈನಸ್ 162 ಡಿಗ್ರಿಯನ್ನು ಪಳಗಿಸಿದವರಿಗೂ ಹೈಡ್ರೋಜನ್ ಒಗ್ಗಲಿಲ್ಲ.

ಸುರತ್ಕಲ್ ಸವಾರ | ರಾತ್ರಿ 8:22

ಅಣ್ಣಾ, ಇದನ್ನು ಇಲ್ಲಿಂದ ಕೊಳ್ಳಬಹುದಾ?

ದೋಹಾ ಡ್ಯೂಟಿ | ರಾತ್ರಿ 8:35

ಕಾನೂನಿನಲ್ಲಿ ಉಂಟು. ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಇಲ್ಲಿನ ಆ್ಯಪ್‌ಗಳಲ್ಲಿ ಜಾಸ್ತಿ ಸಿಗುವುದು ಅಮೆರಿಕದ ಷೇರು. ಪ್ಯಾರಿಸ್‌ಗೆ ಹೋಗಬೇಕಾದರೆ ಬೇರೆ ಬ್ರೋಕರ್, ಯೂರೋ ದರ, ಫ್ರಾನ್ಸಿನಲ್ಲಿ ಡಿವಿಡೆಂಡ್ ತೆರಿಗೆ, ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ರಗಳೆ. 1-2 ಲಕ್ಷಕ್ಕೆ ಅಷ್ಟು ಕುಣಿಯುವುದು ಬೇಡ ಅಂತ ನನ್ನ ಅಭಿಪ್ರಾಯ. ಕಥೆ ಹೇಳಿದ್ದು ಕೊಳ್ಳಲಿಕ್ಕಲ್ಲ. ಮತ್ತೆ ಎಲ್‌ಎನ್‌ಜಿ ಹಡಗಿನ ಆರ್ಡರ್ ಅಲೆಯಂತೆ ಬರುವುದು. 2022ರಲ್ಲಿ ದಾಖಲೆ, 2025ರಲ್ಲಿ ಇಳಿತ.

ಮಲ್ಪೆ ಫಿಟ್ಟರ್ | ರಾತ್ರಿ 9:05

ಹಡಗು ಕಟ್ಟುವವನ ಬೆವರಿನ ಮಾತು ಬಂತು, ಈಗ ನಾನು ಹೇಳಬೇಕು. 15 ವರ್ಷದಲ್ಲಿ ನಾಲ್ಕು ಯಾರ್ಡ್ ನೋಡಿದ್ದೇನೆ, ಎರಡು ಬೇರೆ ರಾಜ್ಯದ್ದು. ಅದರಲ್ಲಿ ಒಂದು ಮುಚ್ಚಿತು. ನನ್ನ ಎರಡೂವರೆ ತಿಂಗಳ ಸಂಬಳ ಅಲ್ಲಿಯೇ ಉಳಿಯಿತು. ಊರು ಹೆಸರು ಬೇಡ, ಕಂಟ್ರಾಕ್ಟರ್ ಪಾಪ ತಾನೇ ಓಡಿಹೋದ.

ಹಡಗಿನ ದುಡ್ಡು ಹೇಗೆ ಬರುತ್ತದೆ ಗೊತ್ತಾ? ಸಾಮಾನ್ಯವಾಗಿ ಕಂತಿನಲ್ಲಿ. ಸಹಿ ಹಾಕಿದಾಗ ಸ್ವಲ್ಪ, ಮೊದಲ ಪ್ಲೇಟ್ ಕತ್ತರಿಸಿದಾಗ, ಕೀಲ್ (ಹಡಗಿನ ತಳದ ಬೆನ್ನೆಲುಬು) ಇಟ್ಟಾಗ, ನೀರಿಗಿಳಿಸಿದಾಗ, ಕೊನೆಗೆ ಒಪ್ಪಿಸುವಾಗ. ದರ ಮಾತ್ರ ಮೊದಲ ದಿನವೇ ನಿಗದಿ. ಎರಡು ವರ್ಷದಲ್ಲಿ ಉಕ್ಕು ಏರಿದರೆ, ಎಂಜಿನ್ ಬರುವುದು ತಡವಾದರೆ, ಮಳೆಗಾಲದಲ್ಲಿ ಪೇಂಟ್ ಒಣಗದಿದ್ದರೆ, ಎಲ್ಲ ಯಾರ್ಡಿನ ತಲೆಗೆ. ನಮ್ಮ ಕಡೆ ನಾಲ್ಕು ತಿಂಗಳು ಮಳೆ, ಹೊರಗೆ ಬ್ಲಾಸ್ಟಿಂಗ್ (ತುಕ್ಕು ತೆಗೆಯುವುದು), ಪೇಂಟಿಂಗ್ ಅಂದರೆ ತಪಸ್ಸು. ತಡವಾದರೆ ದಂಡ. ಅದಕ್ಕಿಂತ ಭಯದ್ದು ಬ್ಯಾಂಕ್ ಗ್ಯಾರಂಟಿ. ಗಿರಾಕಿ ಕೊಟ್ಟ ಕಂತಿಗೆ ಬ್ಯಾಂಕ್ ಜಾಮೀನು ನಿಂತಿರುತ್ತದೆ. ಯಾರ್ಡ್ ಮಾತು ತಪ್ಪಿದರೆ ಗಿರಾಕಿ ಬ್ಯಾಂಕಿನಿಂದ ದುಡ್ಡು ವಾಪಸ್ ತೆಗೆದುಕೊಳ್ಳುತ್ತಾನೆ. ಅರ್ಧ ಕಟ್ಟಿದ ಹಡಗು ನಮ್ಮ ಕೈಯಲ್ಲಿ. ಅರ್ಧ ಹಡಗನ್ನು ಯಾರು ಕೊಳ್ಳುತ್ತಾರೆ ಹೇಳಿ? ಅರ್ಧ ಮನೆಗಾದರೂ ಬಾಡಿಗೆದಾರ ಸಿಕ್ಕಾನು.

ಹಳೇ ಲೆಡ್ಜರ್ | ರಾತ್ರಿ 9:30

ಫಿಟ್ಟರ್ ಅವರು ಹೇಳಿದ್ದನ್ನೇ ಷೇರಿನ ಕಡೆಯಿಂದ ನೋಡಿ. 2008ರವರೆಗೆ ಜಗತ್ತಿನಲ್ಲಿ ಹಡಗಿಗೆ ಭಾರೀ ಬೇಡಿಕೆ. ಭಾರತಿ ಶಿಪ್‌ಯಾರ್ಡ್ 2004ರಲ್ಲಿ ಷೇರು ಬಿಟ್ಟಿತ್ತು. ತಣ್ಣೀರುಬಾವಿ ಕಡೆ ಅವರ ಯಾರ್ಡ್ ಇತ್ತು, ಟೆಬ್ಮಾವೂ ಅವರ ಕೈಗೇ ಹೋಗಿತ್ತು. ಆಮೇಲೆ ಬೇಡಿಕೆ ಕುಸಿಯಿತು, ಸಾಲ ಬೆಳೆಯಿತು, 2019ರಲ್ಲಿ ಲಿಕ್ವಿಡೇಶನ್‌ಗೆ, ಅಂದರೆ ಕಂಪನಿ ಮುಚ್ಚಿ ಆಸ್ತಿ ಮಾರಲು, ಆದೇಶ. ಎಬಿಜಿ ಶಿಪ್‌ಯಾರ್ಡ್ ಕೂಡ ಮುಳುಗಿತು. 22,842 ಕೋಟಿಯ ಬ್ಯಾಂಕ್ ವಂಚನೆ ಅಂತ ಸಿಬಿಐ 2022ರಲ್ಲಿ ಕೇಸ್ ಹಾಕಿತು. ಲಿಕ್ವಿಡೇಶನ್‌ನಲ್ಲಿ ಮೊದಲ ಪಾಲು ಸಾಲ ಕೊಟ್ಟವರಿಗೆ. ಷೇರುದಾರನ ಸರದಿ ಬರುವಾಗ ಬಾಣಲೆ ಖಾಲಿ.

ಈಗಿನವು ಬೇರೆ, ಒಪ್ಪುತ್ತೇನೆ. ಕೊಚ್ಚಿನ್, ಮಜಗಾಂವ್ ಡಾಕ್, ಗಾರ್ಡನ್ ರೀಚ್ ಸರ್ಕಾರದವು. ನೌಕಾಪಡೆಯ ಕೆಲಸ ಉಂಟು. 2022ರಲ್ಲಿ ಸೇನೆಗೆ ಸೇರಿದ ಐಎನ್‌ಎಸ್ ವಿಕ್ರಾಂತ್ ಕೊಚ್ಚಿನ್‌ನದೇ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ 69,725 ಕೋಟಿಯ ಹಡಗು ಪ್ಯಾಕೇಜ್ ಒಪ್ಪಿತು. ಜಗತ್ತಿನ ಹಡಗು ನಿರ್ಮಾಣದಲ್ಲಿ ನಮ್ಮ ಪಾಲು ಶೇ. 1ಕ್ಕಿಂತ ಕಡಿಮೆ, ಬೆಳೆಯಲು ಜಾಗ ಬೇಕಾದಷ್ಟು.

ಆದರೆ ಒಳ್ಳೆಯ ಕಂಪನಿಯನ್ನೂ ಕೆಟ್ಟ ದರಕ್ಕೆ ಕೊಳ್ಳಬಹುದು. ಕೊಚ್ಚಿನ್ 2017ರಲ್ಲಿ 432 ರೂಪಾಯಿಗೆ ಷೇರು ಬಿಟ್ಟಿತು. 2024ರ ಆರಂಭದಲ್ಲಿ ಒಂದು ಷೇರು ಎರಡಾಯಿತು, ಅಂದರೆ ಈಗಿನ ಲೆಕ್ಕದಲ್ಲಿ 216. ಅದೇ ವರ್ಷದ ಜುಲೈಯಲ್ಲಿ 2,979ರ ಹತ್ತಿರ ಹೋಯಿತು. ಸುಮಾರು 26.3 ಕೋಟಿ ಷೇರು ಉಂಟು. ಗುಣಿಸಿ, 78,000 ಕೋಟಿ ದಾಟುತ್ತದೆ. ಹಿಂದಿನ ಆರ್ಥಿಕ ವರ್ಷದ ಲಾಭ ಸುಮಾರು 780 ಕೋಟಿ. ನೂರು ಪಟ್ಟು! ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಆ ನಡುವೆ ಯಾರ್ಡಿನಲ್ಲಿ ಒಂದು ಕ್ರೇನ್ ಕೂಡ ನಿಂತಿರಲಿಲ್ಲ. ಬದಲಾದದ್ದು ಕೊಳ್ಳುವವರ ತಲೆ.

ಕ್ರೀಕ್ ಸೇತುವೆ | ರಾತ್ರಿ 9:44

ಫಿಟ್ಟರಣ್ಣ, ಈಗ ಯಾರ್ಡಿನಲ್ಲಿ ಕೆಲಸ ಹೇಗೆ ನಡೆಯುತ್ತಿದೆ? ಹೊಸ ಆರ್ಡರ್ ಏನಾದರೂ ಬರುವುದುಂಟಾ?

ಹಳೇ ಲೆಡ್ಜರ್ | ರಾತ್ರಿ 9:47

ಅದನ್ನು ಕೇಳಬೇಡಿ, ಅವರೂ ಹೇಳಬೇಡಿ. ಹೊರಗೆ ಬಾರದ ಒಳಗಿನ ಸುದ್ದಿ ಹಿಡಿದು ಷೇರು ಕೊಳ್ಳುವುದು ಅಪರಾಧ. ಅವರ ಕೆಲಸಕ್ಕೂ ಕುತ್ತು.

ಮಲ್ಪೆ ಫಿಟ್ಟರ್ | ರಾತ್ರಿ 9:50

ನನಗೆ ಗೊತ್ತಿರುವುದು ಕ್ಯಾಂಟೀನ್ ಮೀನಿನ ಸೈಜು ಮಾತ್ರ. ಅದು ಸಣ್ಣದಾಗಿದೆ.

ಕೆಮಿಕಲ್ ಅಕ್ಕ | ರಾತ್ರಿ 10:02

ಮೂರನ್ನೂ ಸೇರಿಸುವ ಇನ್ನೊಂದು ಸಂಗತಿ ನಮ್ಮ ಹತ್ತಿರವೇ ಉಂಟು. ಕೊಚ್ಚಿನ್ ಶಿಪ್‌ಯಾರ್ಡ್ ಒಂದು ಹೈಡ್ರೋಜನ್ ಫೆರಿ ಕಟ್ಟಿತು, ವಾರಣಾಸಿಯ ಗಂಗೆಗೆ. 2024ರ ಫೆಬ್ರವರಿ 28ಕ್ಕೆ ಪ್ರಧಾನಿ ಚಾಲನೆ ಕೊಟ್ಟರು. 50 ಜನ ಕೂರುತ್ತಾರೆ. ಹೈಡ್ರೋಜನ್‌ನಿಂದ ಕರೆಂಟ್ ಮಾಡುವ ಫ್ಯೂಯೆಲ್ ಸೆಲ್ ಪುಣೆಯ ಕೆಪಿಐಟಿ ಕಂಪನಿಯದು. ಎಂಜಿನಿಯರ್ ಆಗಿ ನನಗೆ ತುಂಬಾ ಖುಷಿ. ಷೇರುದಾರಳಾಗಿ ಕೇಳಿದರೆ, 50 ಸೀಟಿನ ಒಂದು ದೋಣಿ.

ಸುರತ್ಕಲ್ ಸವಾರ | ಬುಧವಾರ ರಾತ್ರಿ 9:55

ಎರಡು ದಿನ ಯೋಚಿಸಿದೆ. ಎಲ್ಲರಿಗೂ ದೊಡ್ಡ ನಮಸ್ಕಾರ. ಸಮ ಪಾಲಿನ ಪ್ಲಾನ್ ಬಿಟ್ಟೆ. ಹೈಡ್ರೋಜನ್‌ಗೆ ಸದ್ಯ ಸೊನ್ನೆ. ಎಸ್‌ಐಪಿಯ ಫಂಡ್‌ಗಳಲ್ಲಿ ಹೇಗೂ ಆ ದೊಡ್ಡ ಕಂಪನಿಗಳು ಉಂಟು, ಕೊತ್ತಂಬರಿ ಸೊಪ್ಪು ಅಲ್ಲಿಂದಲೇ ಬರಲಿ. 3.5 ಲಕ್ಷ ಬ್ಯಾಂಕ್ ಎಫ್‌ಡಿ, ಅಪ್ಪನಿಗೂ ಸಮಾಧಾನ. ಉಳಿದ ಒಂದೂವರೆಯನ್ನು ಸ್ಟೋರೇಜ್ ಒಂದು, ಯಾರ್ಡ್ ಒಂದು ಅಂತ ನೋಡುತ್ತೇನೆ. ಆದರೆ ಈಗಲೇ ಅಲ್ಲ. ಮೊದಲು ವರದಿ ಓದಿ, ದರ ನನಗೆ ಒಪ್ಪಿದರೆ, ಸ್ವಲ್ಪ ಸ್ವಲ್ಪವೇ.

ಹೆಂಡತಿಗೆ ಬೇಜಾರು. ಮಲ್ಪೆ ಹಡಗಿಗೆ 20ರಲ್ಲಿ ಒಂದು ಪಾಲು ಅಂದದ್ದು ಅವಳಿಗೆ ಅವಮಾನ ಆಗಿದೆ, ಲೆಡ್ಜರ್ ಸರ್ ಯಾರು ಅಂತ ಕೇಳುತ್ತಿದ್ದಾಳೆ.

ಹಳೇ ಲೆಡ್ಜರ್ | ರಾತ್ರಿ 10:10

ನನ್ನ ಹೆಸರು ಹೇಳಬೇಡಿ. ಒಂದು ಮಾತು: ವರ್ಷದೊಳಗೆ ಮಾರಿದರೆ ಲಾಭಕ್ಕೆ ಶೇ. 20 ತೆರಿಗೆ. ವರ್ಷ ದಾಟಿದರೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ. 12.5. ಮತ್ತೆ ನಾವೆಲ್ಲ ಇಲ್ಲಿ ಹರಟುವವರು. ದೊಡ್ಡ ಮೊತ್ತ ಆದರೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನೋಂದಣಿ ಇರುವ ಸಲಹೆಗಾರರನ್ನು ಫೀಸು ಕೊಟ್ಟು ಕೇಳಿ.

ರಾಕೆಟ್ 2030 | ರಾತ್ರಿ 10:14

ಬಿ.ಸಿ. ರೋಡ್ ಅವರೇ, ನಿಮ್ಮ ಆ ಷೇರಿನ ಹೆಸರು ಸ್ವಲ್ಪ ಖಾಸಗಿಯಾಗಿ ಹೇಳುತ್ತೀರಾ? ನನ್ನದೂ ಅದೇನಾ ಅಂತ ಡೌಟು.

ಸುರತ್ಕಲ್ ಸವಾರ | ಶನಿವಾರ ಸಂಜೆ 6:30

ಯಾರ್ಡಿನ ವಾರ್ಷಿಕ ವರದಿ ಇಳಿಸಿಕೊಂಡೆ. ದಪ್ಪ ನೋಡಿಯೇ ತಲೆ ತಿರುಗಿತು. ಮುಂದಿನ ಬಣ್ಣದ ಫೋಟೋ ಬಿಟ್ಟು ಹಿಂದಿನಿಂದ ಓದುತ್ತಿದ್ದೇನೆ. ಒಂದು ಕಡೆ ಲಿಕ್ವಿಡೇಟೆಡ್ ಡ್ಯಾಮೇಜಸ್ ಅಂತ ಸಾಲು ಬಂತು. ಫಿಟ್ಟರಣ್ಣ, ಇದು ನೀವು ಹೇಳಿದ ತಡವಾದ ದಂಡ ಅಲ್ವಾ?

ಮಲ್ಪೆ ಫಿಟ್ಟರ್ | ಶನಿವಾರ ರಾತ್ರಿ 9:40

ಹೌದು, ಅದೇ. ಪಕ್ಕದ ಕಾಲಮ್ಮಿನಲ್ಲಿ ಹಿಂದಿನ ವರ್ಷದ್ದು ಇರುತ್ತದೆ, ಜೊತೆಗಿಟ್ಟು ನೋಡಿ. ಬ್ಯಾಂಕ್ ಗ್ಯಾರಂಟಿ ಎಷ್ಟು ಅಂತಲೂ ಅಲ್ಲೇ ಎಲ್ಲೋ ಕೊಟ್ಟಿರುತ್ತಾರೆ, ಹುಡುಕಿ. ಸಿಗದಿದ್ದರೆ ಲೆಡ್ಜರ್ ಸರ್ ಹುಡುಕಿ ಕೊಡುತ್ತಾರೆ, ಅವರಿಗೆ ಬೇರೆ ಕೆಲಸ ಇದ್ದ ಹಾಗಿಲ್ಲ. ನಾನು ಮಲಗುತ್ತೇನೆ, ಭಾನುವಾರವೂ ಡ್ಯೂಟಿ.